ತಲೆಗೆ ತಾಗದ ಪಟ್ಟಿ

ಮಾಂಗೆರೆ, ಆಕ್ಲೆಂಡ್
ನವೆಂಬರ್ 9

ಪ್ರೀತಿಯ ಇಕಿಪಾ ಅಣ್ಣಾ,

ನಿನ್ನ ಮಂಡಿನೋವು ಹೇಗಿದೆ? ಅತ್ತಿಗೆ ಕಳಿಸಿದ ಟ್ಯಾರೊ ಗೆಡ್ಡೆ ತಲುಪಿತು. ನಿನ್ನ ಸೋದರಳಿಯ ತೊಗಿಯಾ ಒಬ್ಬನೇ ಅರ್ಧ ಮುಗಿಸಿದ. ಈಗ ಚೆನ್ನಾಗಿದ್ದಾನೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಚೆನ್ನಾಗಿಲ್ಲದವಳು ನಾನು. ಒಂದು ವಾರದಿಂದ ಕೋಪ ಇಳಿದಿಲ್ಲ. ಅದರಲ್ಲಿ ಯಾರಿಗೆ ಎಷ್ಟು ಪಾಲು ಸಲ್ಲಬೇಕೆಂದೂ ತಿಳಿಯುತ್ತಿಲ್ಲ.

ಅವನ ಮೂರ್ಛೆರೋಗಕ್ಕೆಂದು ಆಸ್ಪತ್ರೆಯವರು ಮಿದುಳಿನ ಅಲೆಗಳನ್ನು ದಾಖಲಿಸುವ ತಲೆಪಟ್ಟಿ ಕೊಟ್ಟಿದ್ದರಲ್ಲ, ಹದಿನಾಲ್ಕು ದಿನ ಮನೆಯಲ್ಲೇ ಹಾಕಿಕೊಂಡಿರಲು? ಕಿವಿಯ ಹಿಂದೆ ಸ್ವಲ್ಪ ಕೂದಲು ತೆಗೆಯಬಹುದೇ ಎಂದು ನರ್ಸ್ ಕೇಳಿದ್ದಳು. ಆಗದು ಎಂದೆ. ಹತ್ತು ವರ್ಷ ಕತ್ತರಿ ತಾಗಿಸದೆ ಬೆಳೆಸಿದ ಕೂದಲು. ಜನವರಿಯಲ್ಲಿ ಬಳಗವೆಲ್ಲ ಸೇರಿ ಕೂದಲು ತೆಗೆಸುವ ಶಾಸ್ತ್ರ ಮಾಡುವಾಗ ಮೊದಲ ಜಡೆ ಕತ್ತರಿಸುವ ಹಕ್ಕು ಸೋದರಮಾವನದು. ಫೋನಿನಲ್ಲಿ ನೀನೂ ಅಂದೆ: "ಅರ್ಧ ತಲೆ ಬೋಳಿಸಿ ನನ್ನ ಮುಂದೆ ಕೂರಿಸ್ತೀಯೇನೇ? ಕತ್ತರಿ ಹಿಡ್ಕೊಂಡು ಗಾಳಿ ಕತ್ತರಿಸ್ಲಾ?" ನಾನು ನಕ್ಕೆ. ನರ್ಸ್ ಕೂದಲ ಮೇಲೆಯೇ ಪಟ್ಟಿ ಬಿಗಿದು, ಇದು ಹೊಸ ತರಹದ್ದು, ಎಲ್ಲರ ತಲೆಗೂ ಒಗ್ಗುತ್ತದೆ ಎಂದಳು.

ವರದಿಯಲ್ಲಿ ರೋಗದ ಅಲೆಗಳೇ ಇರಲಿಲ್ಲ. ಡಾಕ್ಟರು ಔಷಧಿ ಅರ್ಧಕ್ಕಿಳಿಸಿದರು. ಆರನೇ ದಿನ ಶಾಲೆಯ ಈಜುಕೊಳದಲ್ಲಿ ಅವನಿಗೆ ಮೂರ್ಛೆ ಬಂತು. ಮೇಷ್ಟರು ಬಟ್ಟೆ ಸಮೇತ ಹಾರಿ ಎತ್ತಿದರು.

ಆಮೇಲೆ ಆಸ್ಪತ್ರೆಯವರು ದಾಖಲೆ ತೆಗೆದು ನೋಡಿದರೆ, ಹದಿನಾಲ್ಕರಲ್ಲಿ ಒಂಬತ್ತು ದಿನ ಪಟ್ಟಿ ಅವನ ತಲೆಗೆ ತಾಗಿಯೇ ಇರಲಿಲ್ಲವಂತೆ. ಆ ಖಾಲಿ ದಿನಗಳನ್ನು ಯಂತ್ರ ನೆಮ್ಮದಿಯ ದಿನಗಳೆಂದು ಬರೆದುಕೊಂಡಿತ್ತು. ಇವನ ಕೂದಲು ತುಂಬ ದಟ್ಟ, ಅದೇ ತೊಂದರೆ ಕೊಟ್ಟಿದೆ ಎಂದರು ಡಾಕ್ಟರು. ನನಗೆ ಮೈ ಉರಿಯಿತು. "ತಾಗಿದ್ಯೋ ಇಲ್ವೋ ಅನ್ನೋದೇ ಗೊತ್ತಿಲ್ದಿರೋ ಯಂತ್ರ, ನನ್ನ ಮಗನಿಗೆ ಏನೂ ಇಲ್ಲ ಅಂತ ಹೇಗೆ ಹೇಳ್ತು? ನೀವ್ಯಾಕೆ ನಂಬಿದ್ರಿ?" ಎಂದೆ. ಅವರು ವರದಿಯನ್ನು ಪರದೆಯ ಮೇಲೆ ಮತ್ತೆ ತೆರೆದರು. ನಮ್ಮಂಥ ಕೂದಲಿನ ಎಷ್ಟು ಜನರ ಮೇಲೆ ಇದನ್ನು ಪರೀಕ್ಷಿಸಿದ್ದೀರಿ ಎಂದೂ ಕೇಳಿದೆ.

ಆದರೆ ಬಸ್ಸಿನಲ್ಲಿ ಬರುವಾಗ ಅನ್ನಿಸಿತು: ಕೂದಲು ಮುಟ್ಟಬೇಡಿ ಎಂದವಳು ನಾನು, ನಿನ್ನ ಮಾತಿಗೆ ನಕ್ಕವಳೂ ನಾನೇ. ನಿನ್ನ ಮೇಲೂ ಸಿಟ್ಟಿದೆ ಅಣ್ಣಾ, ಮುಚ್ಚಿಡಲಾರೆ.

ಅತ್ತಿಗೆಗೆ ನನ್ನ ನೆನಪು ಹೇಳು, ಮಕ್ಕಳಿಗೆ ಮುತ್ತು.

ನಿನ್ನ ತಂಗಿ,
ಮೋಕಾ

ತಾ.ಕ.: ಶುಕ್ರವಾರ ಮತ್ತೆ ಪಟ್ಟಿ ಹಾಕುತ್ತಾರೆ. ಅದಕ್ಕೆ ಮೊದಲು ಕೂದಲು ಹೋಗಬೇಕು, ಒಪ್ಪಿ ಬಂದಿದ್ದೇನೆ. ನಾಳೆ ನಮ್ಮ ನಿಯುವೆ ದ್ವೀಪಕ್ಕೆ ಹೊರಡುವ ಪಾದ್ರಿಯವರ ಹೆಂಡತಿಯ ಕೈಯಲ್ಲಿ ಈ ಪತ್ರ ಕೊಡುತ್ತೇನೆ. ಅಲ್ಲಿಂದ ಇಲ್ಲಿಗೆ ಮಂಗಳವಾರ ವಿಮಾನವಿದೆ. ಮೊದಲ ಜಡೆ ನಿನ್ನದೇ, ಬಾ. ಜನವರಿ ಎನ್ನುತ್ತ ಕುಳಿತರೆ ಗುರುವಾರ ಬೆಳಿಗ್ಗೆ ನಾನೇ ಕತ್ತರಿಸುತ್ತೇನೆ. ತೊಗಿಯಾಗೆ ಹೇಳಿಯಾಗಿದೆ. "ಮಾವ ಬರ್ತಾನೆ ಬಿಡಮ್ಮ" ಎಂದಿದ್ದಾನೆ.