ಚಿಕ್ಕ ಬಳೆಯ ಸದ್ದು

ತುಹಾಮಿ ಅಣ್ಣಾ,

ನಿನ್ನ ವಿಳಾಸ ನನಗೆ ಗೊತ್ತಿಲ್ಲ, ಆದರೂ ಬರೆಯುತ್ತಿದ್ದೇನೆ. ಇವತ್ತು ಮಧ್ಯಾಹ್ನ ನಮ್ಮ ಬಾಗಿಲು ಬಡಿಯುವ ಎರಡು ಕಬ್ಬಿಣದ ಬಳೆಗಳಲ್ಲಿ ಚಿಕ್ಕದು ಸದ್ದಾಯಿತು. ನಮ್ಮ ಫೆಸ್ ಊರಿನಲ್ಲಿ ಹೊರಗಿನವರು ದೊಡ್ಡ ಬಳೆ ಬಡಿಯುತ್ತಾರೆ, ಚಿಕ್ಕದು ಮನೆಯವರಿಗೆ. ಮನೆಯವಳೆಂದು ಉಳಿದವಳು ನಾನೊಬ್ಬಳೇ, ನಾನು ಒಳಗಿದ್ದೆ.

ಕಿಂಡಿಯಲ್ಲಿ ನೋಡಿದರೆ ಬೆನ್ನಿಗೆ ಚೀಲ ಹಾಕಿದ ಪ್ರವಾಸಿ ಹುಡುಗಿ. ಈ ಹಳೇ ಮನೆ ಕೊಳ್ಳಲು ಸುತ್ತುತ್ತಿರುವ ದಲ್ಲಾಳಿಗಳದೇ ಹೊಸ ಆಟವಿರಬೇಕು ಎಂದುಕೊಂಡೆ.

“ಚಿಕ್ಕ ಬಳೆ ಬಡಿ ಅಂತ ಯಾರೇ ಹೇಳ್ಕೊಟ್ಟಿದ್ದು?”

“ನಮ್ಮಪ್ಪ.”

“ಬರೋರ ಅಪ್ಪಂದಿರೆಲ್ಲ ಈಗ ಫೆಸ್ಸಿನೋರೇ! ನಡಿ ನಡಿ, ಪ್ರವಾಸಿಗಳು ಕೊಳ್ಳೋ ಚಪ್ಪಲಿ ಅಂಗಡಿ ಆ ಕಡೆ.”

ಅವಳು ಹೊರಟಳು. ಗಲ್ಲಿಯ ತಿರುವಿನ ತಗ್ಗು ತೊಲೆಯನ್ನು ಎಡಗೈಯಿಂದ ಎರಡು ಸಲ ತಟ್ಟಿ ಹೋದಳು, ಮನೆ ಬಿಟ್ಟ ದಿನ ನೀನು ತಟ್ಟಿದ ಹಾಗೆ.

ಆಗಿನಿಂದ ದೊಡ್ಡ ಬಳೆ ಸದ್ದಾದರೂ ನಾನು ಓಡಿಹೋಗಿ ಬಾಗಿಲು ತೆಗೆಯುತ್ತಿದ್ದೇನೆ.