ನೆಗ್ಗಿದ ಟ್ಯಾಂಕು, ಮುರಿದ ಕಾಲು

ಹೊಲಿಗೆ ಅಂಗಡಿಯಿಂದ,
ಮಾರ್ಚ್ ಹದಿನೇಳು, ಶನಿವಾರ ಮಧ್ಯಾಹ್ನ

ಪ್ರೀತಿಯ ಯಜಮಾನರಿಗೆ,

ಹೇಗಿದ್ದೀರಿ? ಮಣಿಕಟ್ಟಿನ ಸುಟ್ಟಗಾಯ ಮಾಯಿತೇ? ವೆಲ್ಡಿಂಗ್ ಮಾಡುವಾಗ ಕೈಗವಸು ಹಾಕಿಕೊಳ್ಳಿ ಎಂದು ನಾನು ಇಲ್ಲಿಂದ ಹೇಳುವುದು, ಹೂಂ ಹೂಂ ಎಂದು ನೀವು ಅಲ್ಲಿಂದ ತಲೆಯಾಡಿಸುವುದು, ಮತ್ತೆ ಬರಿಗೈಯಲ್ಲೇ ಕೆಲಸಕ್ಕೆ ಕೂರುವುದು, ಇದು ಇದ್ದದ್ದೇ. ಕಣ್ಣಿಗೆ ಹನಿ ಹಾಕಿಕೊಳ್ಳುತ್ತಿದ್ದೀರಾ? ನೀವು ಕಟ್ಟುತ್ತಿರುವ ಸೇತುವೆಯ ಆ ತುದಿಯಲ್ಲಿ ಗಾಳಿ ಜೋರಂತೆ, ಕಿವಿ ಮುಚ್ಚಿಕೊಳ್ಳಿ. ಇಲ್ಲಿ ಅತ್ತೆಯವರು ಗಟ್ಟಿಮುಟ್ಟಾಗಿದ್ದಾರೆ. ಮೊಣಕಾಲು ನೋವು ಎನ್ನುತ್ತಲೇ ಮೆಟ್ಟಿಲಿಳಿದು ಅಂಗಡಿಗೆ ಬಂದು ನನ್ನ ಗಿರಾಕಿಗಳಿಗೆ ಬಟ್ಟೆಯ ಬಣ್ಣ ಆರಿಸಿಕೊಡುತ್ತಾರೆ, ಅವರು ಕೇಳದಿದ್ದರೂ. ನನ್ನ ಕಾಲಿನ ಪ್ಲಾಸ್ಟರ್ ಬಿಚ್ಚಿ ಆಯಿತು. ಈಗ ಕುಂಟುವುದಿಲ್ಲ. ಚಳಿಯಿದ್ದ ಬೆಳಿಗ್ಗೆ ಸ್ವಲ್ಪ ಜುಮುಜುಮು ಎನ್ನುತ್ತದೆ, ಅಷ್ಟೇ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಫೋನಿನಲ್ಲಿ ನೀವು ಮಧ್ಯೆ ಬಾಯಿ ಹಾಕುತ್ತೀರಿ. ಕಾಗದಕ್ಕೆ ಬಾಯಿ ಹಾಕಲಾಗುವುದಿಲ್ಲ, ಕೊನೆಯತನಕ ಓದಲೇಬೇಕು.

ಮೊದಲು ನಿಮ್ಮ ಹೋದ ಕಾಗದದ ವಿಷಯ. ಅದನ್ನು ಅತ್ತೆಯವರಿಗೆ ಜೋರಾಗಿ ಓದಿ ಹೇಳಿದೆ. ಪುಟ ಪೂರ್ತಿ ನಿಮ್ಮ ಬೈಕಿನ ಪೆಟ್ರೋಲ್ ಟ್ಯಾಂಕು. ಎಷ್ಟು ಆಳ ನೆಗ್ಗಿದೆ, ಬಣ್ಣ ಎದ್ದಿದೆಯೋ ಇಲ್ಲವೋ, ಕಂಪನಿಯ ಹೆಸರಿನ ಮೇಲೆ ಗೀರು ಬಿದ್ದಿದೆಯೋ, ಯಾರಿಗೂ ಮುಟ್ಟಲು ಬಿಡಬೇಡ, ನಾನೇ ಬಂದು ನೋಡುತ್ತೇನೆ. ಕೊನೆಗೆ, ಕೆಳಗೆ ಜಾಗ ಉಳಿದಿತ್ತೆಂದು ಕಾಣುತ್ತದೆ, 'ಕಾಲು ಜೋಪಾನ' ಎಂದು ಎರಡು ಪದ. ಅತ್ತೆಯವರು ಕನ್ನಡಕ ತೆಗೆದು 'ಇಷ್ಟೇನಾ?' ಎಂದರು. ಇಷ್ಟೇ ಎಂದೆ. ಮೈ ಉರಿದುಹೋಯಿತು. ಅಳುವೂ ಬಂತು, ಅದನ್ನು ಮುಚ್ಚಿಡುವುದೇನಿದೆ.

ಆವತ್ತು ಆದದ್ದನ್ನು ಸರಿಯಾಗಿ ಹೇಳುತ್ತೇನೆ, ನಿಮಗೆ ಬೇರೆಯವರಿಂದ ತಿಳಿದದ್ದು ಅರ್ಧಂಬರ್ಧ. ವಾರಕ್ಕೊಮ್ಮೆ ಗಾಡಿ ಸ್ಟಾರ್ಟ್ ಮಾಡು, ಇಲ್ಲದಿದ್ದರೆ ಬ್ಯಾಟರಿ ಹೋಗುತ್ತದೆ ಎಂದು ನೀವು ಹೇಳಿ ಹೋಗಿದ್ದಿರಿ. ಓಣಿಗೆ ತಂದು, ಮೇಲೆ ಕೂತು, ಸ್ಟಾರ್ಟ್ ಮಾಡಿ, ಕಾಲಿನಿಂದ ತಳ್ಳಿಕೊಂಡು ತಿರುಗಿಸುವಾಗ ಬೇಕರಿ ಮುಂದಿನ ಇಳಿಜಾರಿನಲ್ಲಿ ಅದು ಎಡಕ್ಕೆ ವಾಲಿತು. ನನ್ನ ಕಾಲು ನೆಲಕ್ಕೆ ಪೂರ್ತಿ ಎಟುಕುವುದಿಲ್ಲ, ಅದರ ತೂಕವೋ ನನ್ನಂಥ ಮೂವರದ್ದು. ನಾನು ಕೆಳಗೆ, ಗಾಡಿ ಮೇಲೆ. ಮೊದಲು ಬಂದವನು ಉದ್ದಣ್ಣ. ನೀವು ಅಧ್ಯಕ್ಷರಾಗಿರುವ ಗುಡುಗು ಬೈಕ್ ಬಳಗಕ್ಕೆ ಅವನು ಕಾರ್ಯದರ್ಶಿಯಲ್ಲವೇ, ನಿಮ್ಮ ಮೆಚ್ಚಿನ ಕಂಪನಿಯ ದೊಡ್ಡ ಗಾಡಿ ಬಿಟ್ಟು ಬೇರೆ ಗಾಡಿಯ ನೆರಳೂ ಸೋಕಬಾರದು ಎನ್ನುವವನು. ತನ್ನ ಗಾಡಿ ನಿಲ್ಲಿಸಿ ಓಡಿಬಂದ. ಓಡಿಬಂದು ಬಗ್ಗಿದ್ದು ಟ್ಯಾಂಕಿನ ಹತ್ತಿರ. ಹೆಬ್ಬೆರಳಿನಿಂದ ಸವರಿ 'ಅಯ್ಯೋ, ಅಣ್ಣನ ಟ್ಯಾಂಕು' ಎಂದ. 'ಅಣ್ಣನ ಹೆಂಡತಿಯೂ ಕೆಳಗಿದ್ದಾಳೆ ನೋಡಪ್ಪ' ಎಂದೆ.

ಅಷ್ಟರಲ್ಲಿ ಆ ಇನ್ನೊಂದು ಕಂಪನಿಯ ಗಾಡಿ ಬಂತು. ನೀವು ಹೊಲಿಗೆ ಮಿಷನ್ನು ಎಂದು ನಗುತ್ತೀರಲ್ಲ, ಅದೇ. ಅದನ್ನು ಓಡಿಸುವವರೆಲ್ಲ ಮೀಸೆ ಬಾರದ ಹುಡುಗರು, ಬಗ್ಗಿ ಕೂತು ಸಂದಿಗೊಂದಿಯಲ್ಲಿ ನುಗ್ಗುವವರು ಎಂದು ನಿಮ್ಮ ವರ್ಣನೆ. ಹೆಲ್ಮೆಟ್ ತೆಗೆದರೆ ಬೋಳುತಲೆ, ಹೈಸ್ಕೂಲಿನ ಲೆಕ್ಕದ ಮೇಷ್ಟ್ರು. ಎಂಜಿನ್ ಆರಿಸಿ, ಪೆಟ್ರೋಲು ಸೋರುತ್ತಿದೆಯೇ ನೋಡಿ, 'ಕಾಲ್ಬೆರಳು ಅಲ್ಲಾಡಿಸಿ ನೋಡೋಣ' ಎಂದರು. ಇಬ್ಬರೂ ಸೇರಿ ಎತ್ತಿದರು. ಎತ್ತಿ ನಿಲ್ಲಿಸಿದ ಮೇಲೆ ಒಬ್ಬರ ಮುಖ ಆ ಕಡೆ, ಒಬ್ಬರದ್ದು ಈ ಕಡೆ. ಉದ್ದಣ್ಣ ಕೆಟ್ಟವನಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಸಂಜೆಯತನಕ ಕಾದ, ಅತ್ತೆಯವರಿಗೆ ಧೈರ್ಯ ಹೇಳಿದ. ಆದರೆ ಮೇಷ್ಟ್ರು ಅದೇ ಬೆಂಚಿನಲ್ಲಿ ಕೂರಲು ಬಂದಾಗ ಎದ್ದು ನಿಂತ. ನಿಮಗೆ ಸುದ್ದಿ ಮುಟ್ಟಿಸಿದವನೂ ಅವನೇ ತಾನೇ, ಅದರಲ್ಲಿ ಮೇಷ್ಟ್ರ ಸೊಲ್ಲೇ ಇದ್ದಿರಲಿಕ್ಕಿಲ್ಲ.

ಪ್ಲಾಸ್ಟರ್ ಹಾಕಿಸಿಕೊಂಡು ಕೂತಾಗ ತಲೆಗೆ ಬಹಳ ಕೆಲಸ. ಇಷ್ಟು ವರ್ಷ ನಿಮ್ಮ ಹಿಂದೆ ಕೂತು ಎಷ್ಟೊಂದು ಊರು ಸುತ್ತಿದೆ, ಎಲ್ಲವನ್ನೂ ನಿಮ್ಮ ಭುಜದ ಪಕ್ಕದಿಂದ ಇಣುಕಿ ನೋಡಿದ್ದು. ಮಿಕ್ಕ ಹೊತ್ತೆಲ್ಲ ಕಣ್ಣೆದುರು ನಿಮ್ಮ ಜಾಕೆಟ್ಟಿನ ಬೆನ್ನು, ಅದರ ಮೇಲೆ ಬಳಗದ ಬ್ಯಾಡ್ಜು. ಅದನ್ನು ಹೊಲಿದವಳೂ ನಾನೇ. ಎದುರಿಗೆ ನಿಮ್ಮ ಕಂಪನಿಯ ಗಾಡಿ ಬಂದರೆ ನೀವು ಕೈ ಎತ್ತುತ್ತೀರಿ, ಅವರೂ ಎತ್ತುತ್ತಾರೆ. ಗುರುತಿಲ್ಲ, ಪರಿಚಯವಿಲ್ಲ, ಆದರೂ ಒಡಹುಟ್ಟಿದವರ ಹಾಗೆ. ನನಗದು ಬಹಳ ಇಷ್ಟವಾಗುತ್ತಿತ್ತು. ಒಮ್ಮೆ ಬೆಟ್ಟದ ತಿರುವಿನಲ್ಲಿ ಒಬ್ಬ ಹೆಂಗಸು ಒಂಟಿಯಾಗಿ ಗಾಡಿ ಓಡಿಸಿಕೊಂಡು ಬಂದಳು, ಖುಷಿಯಾಗಿ ನಾನೂ ಕೈ ಎತ್ತಿದೆ. 'ಅವರಿಗೆಲ್ಲ ಎತ್ತಬೇಡ, ಅದು ಆ ಗಾಡಿ' ಎಂದಿರಿ. ನಾನು ಕೈ ಇಳಿಸಿದೆ.

ಅತ್ತೆಯವರ ಪ್ರಕಾರ ಇದು ನಿಮ್ಮ ಮನೆತನದ ಕಾಯಿಲೆ. ಮಾವನವರಿಗೆ ರೇಡಿಯೋ ಎಂದರೆ ಒಂದೇ ಕಂಪನಿಯದ್ದಂತೆ. ತಂಗಿಯ ಮನೆಗೆ ಹೋದರೆ ವಾರ್ತೆಯ ಹೊತ್ತಿಗೆ ಎದ್ದು ಬೀದಿಗೆ ಹೋಗಿ ನಿಲ್ಲುತ್ತಿದ್ದರಂತೆ, ಅಲ್ಲಿದ್ದದ್ದು ಬೇರೆ ರೇಡಿಯೋ ಎಂದು. 'ಎರಡರಲ್ಲೂ ಓದೋನು ಒಬ್ಬನೇ ಅಲ್ವೇನ್ರೀ ಅಂದಿದ್ದಕ್ಕೆ ನನ್ನ ಹತ್ರ ಮಾತು ಬಿಟ್ಟಿದ್ರು' ಎಂದು ಈಗಲೂ ಮುಖ ಊದಿಸಿಕೊಂಡು ಹೇಳುತ್ತಾರೆ.

ಈಗ ವಿಷಯಕ್ಕೆ ಬರುತ್ತೇನೆ, ಕೂತುಕೊಂಡು ಓದಿ. ನಾನು ಗಾಡಿ ಕೊಂಡಿದ್ದೇನೆ. ನನ್ನ ಹೆಸರಿನಲ್ಲಿ, ನನ್ನ ದುಡಿಮೆಯಲ್ಲಿ. ಹೌದು, ಆ ಇನ್ನೊಂದು ಕಂಪನಿಯದ್ದೇ. ಮೊದಲು ನಿಮ್ಮ ಕಂಪನಿಯ ಅಂಗಡಿಗೇ ಹೋಗಿದ್ದೆ, ನಿಯತ್ತು ಎಂದರೆ ನಿಯತ್ತು. ಅಲ್ಲಿದ್ದ ಯಾವುದರ ಮೇಲೆ ಕೂತರೂ ಹಿಮ್ಮಡಿ ನೆಲ ಮುಟ್ಟಲಿಲ್ಲ. ಮಾರುವವನು 'ಯಜಮಾನರನ್ನ ಕರ್ಕೊಂಡು ಬನ್ನಿ ಮೇಡಂ' ಎಂದ. ಅವರು ಬಂದರೆ ನನ್ನ ಕಾಲು ಉದ್ದವಾಗುತ್ತದೆಯೇ ಎಂದು ಕೇಳಿ ಎದ್ದು ಬಂದೆ. ಈ ಗಾಡಿಯ ಮೇಲೆ ಕೂತ ತಕ್ಷಣ ಎರಡೂ ಪಾದ ಊರಿದವು, ಅಳತೆ ತೆಗೆದು ಹೊಲಿದ ಹಾಗೆ. ಸದ್ದು ಹೊಲಿಗೆ ಮಿಷನ್ನಿನದ್ದೇ ಎಂದು ನಗುವುದಾದರೆ ನಗಿ. ದಿನವಿಡೀ ಆ ಸದ್ದಿನಲ್ಲೇ ಬದುಕುವವಳು ನಾನು, ನನಗದು ಬೈಗುಳವಲ್ಲ.

ಖಾಲಿ ಗೋದಾಮಿನ ಅಂಗಳದಲ್ಲಿ ಮೇಷ್ಟ್ರೂ ಅವರ ಹೆಂಡತಿಯೂ ಕಲಿಸಿಕೊಟ್ಟರು. ಮೇಷ್ಟ್ರು ಕ್ಲಚ್ಚಿನ ವಿಷಯವನ್ನೂ ಬೋರ್ಡಿನ ಮೇಲೆ ಲೆಕ್ಕ ಬಿಡಿಸಿದ ಹಾಗೆ ಹೇಳುತ್ತಾರೆ, ನನಗೆ ಒಂದಕ್ಷರ ಹತ್ತಲಿಲ್ಲ. ಅವರ ಹೆಂಡತಿ 'ಮಿಷನ್ ಪೆಡಲ್ ತುಳಿಯೋ ಹಾಗೆ, ಅಷ್ಟೇ ಮೆತ್ತಗೆ ಕೈ ಸಡಿಲಿಸಿ' ಎಂದರು, ತಲೆಗೆ ಹೋಯಿತು. ಲೈಸೆನ್ಸೂ ಬಂದಿದೆ. ಮುರಿದಿದ್ದ ಕಾಲಿನಿಂದಲೇ ಗೇರ್ ಹಾಕುತ್ತೇನೆ. ಮೊನ್ನೆ ಅತ್ತೆಯವರನ್ನು ಕೂರಿಸಿಕೊಂಡು ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದೆ. ನಿಮ್ಮ ಗಾಡಿಯಲ್ಲಾದರೆ ಏನೂ ಕೇಳಿಸುವುದಿಲ್ಲ, ಇದರಲ್ಲಿ ದಾರಿಯುದ್ದಕ್ಕೂ ಮಾತಾಡಬಹುದು ಎಂದು ಅವರಿಗೆ ಸಂತೋಷ. ನನಗೆ ಸ್ವಲ್ಪ ಕಷ್ಟ. ರಸ್ತೆಯಲ್ಲಿ ಈಗ ನಾನು ಎಲ್ಲರಿಗೂ ಕೈ ಎತ್ತುತ್ತೇನೆ. ಹಾಲಿನವನಿಗೂ, ಹಳೇ ಮೊಪೆಡ್ಡಿನ ಅಜ್ಜನಿಗೂ. ದೊಡ್ಡ ಗಾಡಿಯವರು ಅರ್ಧ ಕೈ ಎತ್ತಿ, ನನ್ನ ಗಾಡಿ ನೋಡಿ, ಕನ್ನಡಿ ಸರಿಮಾಡಿಕೊಂಡ ಹಾಗೆ ನಟಿಸುತ್ತಾರೆ.

ಹಾಗೆಂದು ಆ ಕಡೆಯವರನ್ನು ಸೇರಿಬಿಟ್ಟೆ ಎಂದುಕೊಳ್ಳಬೇಡಿ. ಅವರದ್ದೂ ಒಂದು ಬಳಗವಿದೆ, ಕಾಫಿಗೆ ಕರೆದಿದ್ದರು. 'ಕೊನೆಗೂ ಗೂಳಿ ಕೊಟ್ಟಿಗೆಯಿಂದ ತಪ್ಪಿಸ್ಕೊಂಡು ಬಂದ್ರಲ್ಲ' ಎಂದ ಒಬ್ಬ. ದೊಡ್ಡ ಗಾಡಿಯವರೆಲ್ಲ ಹೊಟ್ಟೆ ಬಂದವರಂತೆ, ಓಡಿಸುವುದಕ್ಕಿಂತ ತಳ್ಳುವುದೇ ಜಾಸ್ತಿಯಂತೆ, ನಿಂತ ಕಡೆಯೆಲ್ಲ ಎಣ್ಣೆ ಸೋರಿಸುತ್ತಾರಂತೆ. ಎಲ್ಲರೂ ನಕ್ಕರು. ನಿಮ್ಮ ಹೊಟ್ಟೆ ನೆನಪಾಗಿ ನನಗೂ ಸ್ವಲ್ಪ ನಗು ಬಂತು, ಸುಳ್ಳು ಹೇಳುವುದಿಲ್ಲ. ಆದರೂ 'ಆ ಗೂಳಿ ಹತ್ತುವವರು ನನ್ನ ಗಂಡ, ಮಾತು ನೋಡಿಕೊಂಡು ಆಡಿ' ಎಂದೆ. ಮೇಷ್ಟ್ರು ತಲೆ ತಗ್ಗಿಸಿದರು. ಅವರು ಕೊಟ್ಟ ಬ್ಯಾಡ್ಜನ್ನು ಅಲ್ಲೇ ಮೇಜಿನ ಮೇಲಿಟ್ಟು ಬಂದೆ. ನಿಮ್ಮ ಮಾತಿಗೆ ಕಟ್ಟುಬಿದ್ದು ಇದುವರೆಗೆ ಅವರ ಬ್ಯಾಡ್ಜುಗಳನ್ನು ಹೊಲಿದುಕೊಡುತ್ತಿರಲಿಲ್ಲ, ಇನ್ನು ಹೊಲಿಯುತ್ತೇನೆ. ನಿಮ್ಮವರದ್ದಕ್ಕೂ ಅವರದ್ದಕ್ಕೂ ಅಂಚಿಗೆ ಅದೇ ಕಪ್ಪು ದಾರ. ನನಗೆಂದು ಹೊಲಿದುಕೊಂಡ ಜಾಕೆಟ್ಟಿನ ಬೆನ್ನು ಮಾತ್ರ ಖಾಲಿ. ಅದು ಹಾಗೇ ಇರುತ್ತದೆ.

ನೀವು ಬರುವ ದಿನ ನಿಮ್ಮ ಬಳಗದವರು ಸಾಲಾಗಿ ಸ್ಟೇಷನ್ನಿಗೆ ಬಂದು ನಿಮ್ಮನ್ನು ಮೆರವಣಿಗೆಯಲ್ಲಿ ಮನೆಗೆ ಕರೆತರುವುದೆಂದು ತೀರ್ಮಾನಿಸಿದ್ದಾರೆ. ಅದನ್ನು ತಿಳಿಸಲು ಉದ್ದಣ್ಣ ಅಂಗಡಿಗೆ ಬಂದಿದ್ದ. ಇಸ್ತ್ರಿ ಮೇಜಿನ ಪಕ್ಕ ನಿಂತು, ದಾರದ ರೀಲುಗಳನ್ನು ಅತ್ತಿತ್ತ ಉರುಳಿಸುತ್ತಾ ಬಿಸಿಲು ಗಾಳಿಯ ಮಾತೆಲ್ಲ ಆಡಿ ಮುಗಿಸಿದ. ಆಮೇಲೆ 'ಅತ್ತಿಗೆ, ಆ ಗಾಡಿ ಸಾಲಿಗೆ ಬರೋ ಹಾಗಿಲ್ಲ. ನೀವು ನನ್ನ ಹಿಂದೆ ಕೂತ್ಕೊಳ್ಳಿ. ಅಧ್ಯಕ್ಷರ ಹೆಂಡ್ತಿನೇ ಅದರಲ್ಲಿ ಬಂದ್ರೆ ಅಣ್ಣನ ಮರ್ಯಾದೆ ಏನಾಗುತ್ತೆ' ಎಂದ. ಕೋಪದಿಂದಲ್ಲ, ನಿಜವಾದ ಸಂಕಟದಿಂದ ಹೇಳಿದ. ಒಂಟಿ ಮನುಷ್ಯ, ಬಳಗವೇ ಅವನ ಮನೆ, ನನಗೆ ಅರ್ಥವಾಗುತ್ತದೆ. ಆದರೂ ಹೇಳಿದೆ: ಬರುತ್ತೇನೆ, ನನ್ನ ಗಾಡಿಯಲ್ಲೇ ಬರುತ್ತೇನೆ, ಸಾಲಿನಲ್ಲೇ ಬರುತ್ತೇನೆ. 'ಅಣ್ಣನ್ನ ಒಂದ್ ಮಾತು ಕೇಳಿ ಅತ್ತಿಗೆ' ಎಂದ. ಕೇಳುವುದಿಲ್ಲ, ತಿಳಿಸುತ್ತೇನೆ ಎಂದೆ. ಆ ತಿಳಿಸುವ ಕಾಗದವೇ ಇದು.

ರಸ್ತೆಯ ಹೆದರಿಕೆ ನನಗಿಲ್ಲ. ಬೀಳುವುದೇನೆಂದು ನೋಡಿ ಆಗಿದೆ. ಹೆದರಿಕೆ ಇರುವುದು ಒಂದೇ, ಅಷ್ಟು ಜನ ಸ್ನೇಹಿತರ ನಡುವೆ ನೀವು ನನ್ನನ್ನು ಕಂಡೂ ಕಾಣದ ಹಾಗೆ ಮುಖ ತಿರುಗಿಸಿಬಿಟ್ಟರೆ ಎಂದು. ನಿಮ್ಮ ಗಾಡಿಯ ಮೇಲೆ ನನಗೆ ದ್ವೇಷವಿಲ್ಲ. ಭಾನುವಾರ ಬೆಳಿಗ್ಗೆ ನೀವು ಅದನ್ನು ಒರೆಸುತ್ತಾ ಹಾಡಿಕೊಳ್ಳುವುದನ್ನು ನೋಡಿಯೇ ನನಗೂ ಈ ಹುಚ್ಚು ಹತ್ತಿದ್ದು. ಆ ಪ್ರೀತಿಯಲ್ಲಿ ನನಗೂ ಪಾಲಿದೆಯೋ, ಎಲ್ಲವೂ ಕಂಪನಿಯ ಹೆಸರಿಗೇ ಮೀಸಲೋ, ಅದು ನನಗೆ ತಿಳಿಯಬೇಕು. ತಿಳಿಯದೆ ಮೊದಲಿನ ಹಾಗೆ ಇರಲು ನನ್ನಿಂದಾಗದು.

ಊಟ ಹೊತ್ತಿಗೆ ಸರಿಯಾಗಿ ಮಾಡಿ. ಪ್ರಯಾಣದಲ್ಲಿ ಕಿಟಕಿಯ ಪಕ್ಕ ಕೂತು ಶೀತ ಹಚ್ಚಿಕೊಳ್ಳಬೇಡಿ. ಅತ್ತೆಯವರು ಆಶೀರ್ವಾದ ತಿಳಿಸಿದ್ದಾರೆ, ಜೊತೆಗೆ ನೀವು ನಿಮ್ಮ ಅಪ್ಪನ ಹಾಗೆ ಆಡಬಾರದೆಂದೂ ತಿಳಿಸಿದ್ದಾರೆ.

ಕೋಪವಿದ್ದರೂ ನಿಮ್ಮವಳೇ,
ನಿಮ್ಮ ಹೆಂಡತಿ

ಮರೆತಿದ್ದೆ, ಅಂಚೆಗೆ ಹೊತ್ತಾಯಿತು: ನಿಮ್ಮ ಗಾಡಿಯ ಕೀಲಿಯನ್ನು ಉದ್ದಣ್ಣನಿಗೆ ಕೊಟ್ಟಿದ್ದೇನೆ, ಬಚ್ಚಿಟ್ಟಿಲ್ಲ. ತೊಳೆದು ಒರೆಸಿ ಸ್ಟೇಷನ್ನಿಗೆ ತರಿಸುತ್ತಾನೆ. ನೀವು ಹೊರಗೆ ಬಂದಾಗ ಒಂದು ಕಡೆ ಅದಿರುತ್ತದೆ, ಇನ್ನೊಂದು ಕಡೆ ನಾನಿರುತ್ತೇನೆ. ಅದನ್ನೇ ಹತ್ತಿದರೆ ಪಕ್ಕದಲ್ಲೇ ಓಡಿಸಿಕೊಂಡು ಬರುತ್ತೇನೆ, ಯಾರು ಬೇಡವೆಂದರೂ ಸರಿ. ಆದರೆ ನನ್ನ ಹತ್ತಿರ ಇನ್ನೊಂದು ಹೆಲ್ಮೆಟ್ಟೂ ಇರುತ್ತದೆ, ನಿಮ್ಮ ಹಳೆಯ ಟೋಪಿ ಒಯ್ದು ಅಳತೆ ನೋಡಿ ತಂದದ್ದು. ಅವರೆಲ್ಲರ ಕಣ್ಣೆದುರು, ಅವತ್ತೊಂದು ದಿನ, ನನ್ನ ಹಿಂದೆ ಕೂತು ಮನೆಗೆ ಬರುತ್ತೀರಾ? ಇದಕ್ಕೆ ಕಾಗದ ಬರೆಯಬೇಡಿ. ಬಂದು ಕೂತರೆ ಸಾಕು.