ಕಣ್ಣಳತೆಯ ತೂತುಗಳು

ಅಪ್ಪಾ,

ಇವತ್ತು ನಿಮ್ಮ ಡ್ರಿಲ್ ಮುಟ್ಟಿದೆ. ನೀವಿದ್ದಿದ್ದರೆ ಕಿತ್ತುಕೊಳ್ಳುತ್ತಿದ್ದಿರಿ. ಮನೆಗೆಲಸಕ್ಕೆ ಚಿಕ್ಕದೇ ಸಾಕು ಎಂದು ಅಂಗಡಿಯವನು ಬಡಿದುಕೊಂಡರೂ, "ತೂಕ ಇದ್ರೇನೇ ಮಿಷನ್ನು" ಎಂದು ಕಟ್ಟಡ ಒಡೆಯುವಂಥದ್ದನ್ನು ಹೊತ್ತು ತಂದ ಮಹಾನುಭಾವರು ನೀವು. ನಾನು ಟೇಪು ಹಿಡಿಯಲು ಬಂದರೆ, "ನನ್ನ ಕಣ್ಣಳತೆ ಸಾಕು, ನೀನು ಆಚೆ ನಿಲ್ಲು" ಎಂಬ ಗತ್ತು ಬೇರೆ.

ಬಣ್ಣ ಬಳಿಸಲೆಂದು ಹೋದ ವಾರ ಗಡಿಯಾರ, ಕ್ಯಾಲೆಂಡರು, ಚಿತ್ರಪಟ ಎಲ್ಲವನ್ನೂ ಇಳಿಸಿದೆ. ಒಂದೊಂದರ ಹಿಂದೆಯೂ ಮೂರು ನಾಲ್ಕು ತೂತು! ನಮ್ಮ ನಡುಮನೆಯಲ್ಲಿ ಅಷ್ಟೊಂದು ಚಿತ್ರಪಟ ಯಾಕಿದ್ದವೆಂದು ಆಗ ತಿಳಿಯಿತು. ಅಮ್ಮನನ್ನು ಕೇಳಿದರೆ, "ನಂಗೆ ಮೊದ್ಲೇ ಗೊತ್ತಿತ್ತು ಕಣೇ. ಪಾಪ, ಹೇಳಿದ್ರೆ ಅವ್ರಿಗೆ ಬೇಜಾರಾಗಲ್ವಾ?" ಎಂದಳು.

ಪಾಪವಂತೆ! ತೂತುಗಳಿಗೆಲ್ಲ ಪುಟ್ಟಿ ಮೆತ್ತಿಸಿ, ಬಣ್ಣ ಬಳಿಸಿದೆ. ಇವತ್ತು ಟೇಪು ಹಿಡಿದು ಅಳೆದು, ಪೆನ್ಸಿಲ್ಲಿನಲ್ಲಿ ಗುರುತು ಹಾಕಿ, ನಿಮ್ಮ ಫೋಟೋ ಹಾಕಲು ಒಂದೇ ಒಂದು ತೂತು ಕೊರೆಯಲು ಹೊರಟೆ. ನಿಮ್ಮ ರಾಕ್ಷಸ ಡ್ರಿಲ್ಲು ನನ್ನ ಕೈಯಲ್ಲಿ ಕುಣಿದು, ಅಂಗೈಯಗಲ ಗಾರೆ ಉದುರಿಸಿತು. ಎರಡು ಬೆರಳು ಮೇಲೆ ಇನ್ನೊಂದು ಕೊರೆದು, ಗಡಿಬಿಡಿಯಲ್ಲಿ ಫೋಟೋ ನೇತುಹಾಕಿದೆ.

ಅಮ್ಮ ಬಂದಳು. ನೆಲದ ಮೇಲಿನ ಗಾರೆ ನೋಡಿದಳು, ನಿಮ್ಮ ಮುಖ ನೋಡಿದಳು.

"ನೆಟ್ಟಗಿದೆ ಬಿಡು" ಎಂದು ಪೊರಕೆ ತರಲು ಹೋದಳು.